ಬಾಡಿಗೆ ಮನೆ ಪ್ರಶ್ನೋತ್ತರ: ಮೇಲಿನ ಮನೆಯ ನೀರು, ಕೆಳಗಿನ ಮನೆಯ ಗೋಡೆ

ಮಳೆಗಾಲ ಬಂತೆಂದರೆ ಈ ಅಂಕಣಕ್ಕೆ ಸುಗ್ಗಿ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅಪಾರ್ಟ್‌ಮೆಂಟ್‌ನಲ್ಲಿ ಬಾಡಿಗೆಗೆ ಇರುವವರದ್ದೇ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ವಕೀಲೆಯೂ ಅಲ್ಲ, ಎಂಜಿನಿಯರೂ ಅಲ್ಲ. ಬ್ಯಾಂಕಿನಲ್ಲಿ 31 ವರ್ಷ ಕೂತು ನಿವೃತ್ತಳಾದವಳು. ಬೆಂಗಳೂರಿನಲ್ಲಿ ಒಂಬತ್ತು ಬಾಡಿಗೆ ಮನೆ ನೋಡಿದ್ದೇನೆ. ಮೊದಲನೆಯದು ಶ್ರೀನಗರದ ಒಂದು ವಠಾರ. ಎಂಟು ಮನೆಗೆ ಒಂದು ನಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಕೊಡಗಳ ಸಾಲು. ಆಮೇಲೆ ಸ್ವಂತ ಫ್ಲಾಟ್ ಕೊಂಡು, ಆರು ವರ್ಷ ಅಸೋಸಿಯೇಷನ್ ಸೆಕ್ರೆಟರಿಯಾಗಿ ಎಲ್ಲರ ಕೈಲೂ ಬೈಸಿಕೊಂಡಿದ್ದೇನೆ. ಹಾಗಾಗಿ ಬಾಗಿಲಿನ ಎರಡೂ ಕಡೆ ನಿಂತು ಗೊತ್ತು.

ಪ್ರಶ್ನೆ: ಮೇಡಂ, ಹೊರಮಾವಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಎರಡನೇ ಮಹಡಿಯಲ್ಲಿದ್ದೇವೆ. ಬಾಡಿಗೆ 24,000, ಅಡ್ವಾನ್ಸ್ ಒಂದೂವರೆ ಲಕ್ಷ. ಜನವರಿಯಲ್ಲಿ ಬಂದಾಗ ಹೊಸ ಪೇಂಟ್ ಮಿರಮಿರ ಅಂತಿತ್ತು. ಮೂರೇ ತಿಂಗಳಿಗೆ ಬೆಡ್‌ರೂಮಿನ ಗೋಡೆ ಉಬ್ಬಿತು. ಈಗ ಅಲ್ಲೆಲ್ಲ ಕಪ್ಪು ಬೂಷ್ಟು. ಮಗಳಿಗೆ ನಾಲ್ಕು ವರ್ಷ, ಕೆಮ್ಮು ಬಿಡುತ್ತಿಲ್ಲ. ಓನರ್ ಪುಣೆಯಲ್ಲಿದ್ದಾರೆ, ‘ಅಸೋಸಿಯೇಷನ್‌ಗೆ ಹೇಳಿ’ ಅನ್ನುತ್ತಾರೆ. ಅಸೋಸಿಯೇಷನ್‌ನವರು ‘ಇದು ಎರಡು ಮನೆ ಒಳಗಿನ ವಿಷಯ’ ಅನ್ನುತ್ತಾರೆ. ಮೇಲಿನ ಮನೆಯಲ್ಲಿ ಮೂವರು ಹುಡುಗರು ಬಾಡಿಗೆಗೆ ಇದ್ದಾರೆ. ‘ನಮ್ಮ ಬಾತ್‌ರೂಮ್ ಸರಿಯಾಗಿದೆ ಅಕ್ಕ, ಬಂದು ನೋಡಿ’ ಅನ್ನುತ್ತಾರೆ. ಹೋಗಿ ನೋಡಿದೆ, ಒಣಗಿಯೇ ಇದೆ. ನಾನು ಯಾರ ಕಾಲು ಹಿಡಿಯಲಿ? ಬಾಡಿಗೆ ಕೊಡುವುದನ್ನು ನಿಲ್ಲಿಸಿಬಿಡಲಾ?
(ಹೆಸರು ಬೇಡ, ಹೊರಮಾವು)

ಉತ್ತರ: ಯಾರ ಕಾಲನ್ನೂ ಹಿಡಿಯಬೇಡಿ. ಮೊದಲು ಪೈಪು ಯಾರದು ಅಂತ ಪತ್ತೆ ಮಾಡಿ. ಅದು ಗೊತ್ತಿಲ್ಲದ್ದರಿಂದಲೇ ಮೂವರೂ ಆರಾಮಾಗಿ ಜಾರಿಕೊಳ್ಳುತ್ತಿದ್ದಾರೆ.

ಮೇಲಿನ ಮನೆಯ ಬಾತ್‌ರೂಮಿನ ನೆಲದೊಳಗಿನ ಪೈಪು ಆ ಮನೆಯ ಓನರದ್ದು. ಟೆರೇಸ್‌ನಿಂದ ಕೆಳಗಿನವರೆಗೆ ಡಕ್ಟ್‌ನಲ್ಲಿ (ಪೈಪುಗಳಿಗೆಂದೇ ಬಿಟ್ಟ ಕಿರಿದಾದ ಜಾಗ) ಇಳಿಯುವ ದಪ್ಪ ಪೈಪು, ಹೊರಗೋಡೆ, ಟೆರೇಸು ಎಲ್ಲರದ್ದು. ಅಂದರೆ ಅಸೋಸಿಯೇಷನ್ ನೋಡಿಕೊಳ್ಳಬೇಕಾದದ್ದು. ನಿಮ್ಮದೇ ಬಾತ್‌ರೂಮಿನ ಗೋಡೆಯೊಳಗೆ ಹೂತ ಪೈಪು ನಿಮ್ಮ ಓನರದ್ದು. ತೇವ ನೆಲದಿಂದ ಎರಡು ಅಡಿ ಮೇಲಕ್ಕೆ ಏರಿದ್ದರೆ ನಿಮ್ಮ ಬಾತ್‌ರೂಮಿನ ಮೇಲೇ ಅನುಮಾನ ಪಡಬೇಕು. ನೀವು ಕಳಿಸಿದ ಫೋಟೋದಲ್ಲಿ ತೇವ ಸೂರಿನ ಮೂಲೆಯಿಂದ ಕೆಳಗೆ ಇಳಿದಿದೆ. ಹಾಗಾಗಿ ಮೇಲಿನ ಮನೆ ಅಥವಾ ಡಕ್ಟು.

ಈಗ ಒಂದು ಕೆಲಸ ಮಾಡಿ. ಕ್ಯಾಲೆಂಡರ್ ಹಾಳೆಯ ಹಿಂದೆ ನಾಲ್ಕು ದಿನ ಬರೆದಿಡಿ. ಬೆಳಿಗ್ಗೆ ಆರಕ್ಕೆ, ಹತ್ತಕ್ಕೆ, ಸಂಜೆ, ರಾತ್ರಿ ಮಲಗುವ ಮುಂಚೆ. ಪ್ರತಿ ಸಲ ಒಂದು ಟಿಶ್ಯೂ ಪೇಪರನ್ನು ಗೋಡೆಗೆ ಒತ್ತಿ ನೋಡಿ. ಮೇಲಿನವರು ಸ್ನಾನ ಮಾಡಿದ ಮೇಲೆ ಮಾತ್ರ ಜಾಸ್ತಿ ಒದ್ದೆಯಾದರೆ ಅದು ಕೊಳೆ ನೀರಿನ ದಾರಿ. ಆ ಹುಡುಗರು ಶನಿವಾರ, ಭಾನುವಾರ ಊರಿಗೆ ಹೋದಾಗಲೂ ಒಂದೇ ಸಮ ಜಿನುಗುತ್ತಿದ್ದರೆ ಅದು ಟ್ಯಾಂಕಿನಿಂದ ನಲ್ಲಿಗೆ ಬರುವ ಪೈಪು. ಏಕೆಂದರೆ ಅದರಲ್ಲಿ ನೀರಿನ ಒತ್ತಡ ಹಗಲೂ ರಾತ್ರಿ ಇರುತ್ತದೆ. ಮಳೆ ಬಂದ ದಿನ ಮಾತ್ರ ಹೆಚ್ಚಾದರೆ ಮಳೆ ನೀರಿನ ಪೈಪು ಅಥವಾ ಹೊರಗೋಡೆಯ ಬಿರುಕು.

ಆ ಹುಡುಗರು ಸುಳ್ಳು ಹೇಳುತ್ತಿಲ್ಲ ಅಂತಲೂ ಹೇಳಿಬಿಡುತ್ತೇನೆ. ಬಹಳಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿ ಬಾತ್‌ರೂಮಿನ ಕೆಳಗಿನ ಸ್ಲ್ಯಾಬನ್ನು ಸುಮಾರು ಒಂದು ಅಡಿ ತಗ್ಗಿಸಿ ಹಾಕಿರುತ್ತಾರೆ. ಸಂಕನ್ ಸ್ಲ್ಯಾಬ್ ಅಂತಾರೆ. ಆ ತಗ್ಗಿನಲ್ಲಿ ಪೈಪು ಮಲಗಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಕೂರಿಸುತ್ತಾರೆ. ಟೈಲ್ಸ್ ಸಂದಿಯ ಬಿಳಿ ಸಿಮೆಂಟು ಕಿತ್ತುಹೋದ ಕಡೆ ನೀರು ಒಳಗೆ ಇಳಿಯುತ್ತದೆ. ಇಳಿದದ್ದು ಇಟ್ಟಿಗೆ ಚೂರಿನಲ್ಲಿ ತೊಟ್ಟಿ ಕಟ್ಟಿದ ಹಾಗೆ ನಿಲ್ಲುತ್ತದೆ. ಮೇಲೆ ನೋಡಿದರೆ ಒಣ ನೆಲ, ಕೆಳಗೆ ನಿಮ್ಮ ಗೋಡೆ ಒದ್ದೆ. ಇದೇ ಕಾರಣಕ್ಕೆ, ರಿಪೇರಿ ಆದ ಮೇಲೂ ಎರಡು ಮೂರು ವಾರ ನೀರು ಇಳಿಯುತ್ತಿರಬಹುದು. ತೊಟ್ಟಿ ಖಾಲಿಯಾಗಬೇಕಲ್ಲ. ಆಗ ಹೋಗಿ ಪ್ಲಂಬರ್ ಜೊತೆ ಜಗಳ ತೆಗೆಯಬೇಡಿ.

ಖಚಿತವಾಗಿ ಗೊತ್ತಾಗಬೇಕಾದರೆ ಮೇಲಿನ ಮನೆಯವರನ್ನು ಒಪ್ಪಿಸಿ ಬಣ್ಣದ ಪರೀಕ್ಷೆ ಮಾಡಿಸಿ. ಅವರ ಬಾತ್‌ರೂಮಿನ ನೀರು ಹೋಗುವ ಜಾಲರಿಯನ್ನು ಬಟ್ಟೆ, ಪ್ಲಾಸ್ಟಿಕ್ ತುರುಕಿ ಬಿಗಿಯಾಗಿ ಮುಚ್ಚಬೇಕು. ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಧಾರಾಳವಾಗಿ ಕಲಸಬೇಕು. ಒಂದು ದಿನ ಬಿಡಿ. ನಿಮ್ಮ ಗೋಡೆಯಲ್ಲಿ ನೀಲಿ ಕಂಡರೆ ವಾದ ಮುಗಿಯಿತು. ಆ ಹುಡುಗರಿಗೆ ಆ ದಿನ ನಿಮ್ಮ ಮನೆಯಲ್ಲೇ ಸ್ನಾನ, ತಿಂಡಿ ಅಂತ ಹೇಳಿ. ಇಡ್ಲಿ ವಡೆಗೆ ಒಪ್ಪದ ಬ್ಯಾಚುಲರ್‌ಗಳನ್ನು ನಾನಂತೂ ನೋಡಿಲ್ಲ.

ಪರೀಕ್ಷೆ ಮಾಡದೆ ಜಗಳಕ್ಕೆ ಇಳಿದು ನಾನು ಕೆಟ್ಟಿದ್ದೇನೆ. 2009ರಲ್ಲಿ ವಿಜಯನಗರದ ಒಂದು ಫ್ಲಾಟ್‌ನಲ್ಲಿದ್ದೆವು. ಒಂದು ಸಂಜೆ ಚಪಾತಿ ಲಟ್ಟಿಸುತ್ತಿದ್ದೆ. ಸೂರಿನಿಂದ ಅಂಗೈಯಷ್ಟು ಗಾರೆ ಕಳಚಿ ಸೀದಾ ಹಿಟ್ಟಿನ ಪಾತ್ರೆಗೆ ಬಿತ್ತು. ಓನರಿಗೆ ಫೋನ್ ಮಾಡಿದೆ. ‘ಬಿಲ್ಡಿಂಗ್ ಇನ್ನೂ ಸೆಟ್ಲ್ ಆಗ್ತಾ ಇದೆ ಮೇಡಂ’ ಅಂದರು. ಬಿಲ್ಡಿಂಗಿಗೆ ಆಗಲೇ 14 ವರ್ಷ! ಮೇಲಿನ ಮನೆಯ ಆಕೆಯೇ ಕಾರಣ ಅಂತ ನಾನು ತೀರ್ಮಾನ ಮಾಡಿ ನಾಲ್ಕು ತಿಂಗಳು ಮಾತು ಬಿಟ್ಟೆ. ಲಿಫ್ಟ್‌ನಲ್ಲಿ ಸಿಕ್ಕರೆ ಗೋಡೆ ನೋಡುತ್ತಿದ್ದೆ. ಕೊನೆಗೆ ಒಬ್ಬ ವಯಸ್ಸಾದ ಪ್ಲಂಬರ್ ಡಕ್ಟ್‌ನೊಳಗೆ ಟಾರ್ಚ್ ಬಿಟ್ಟು ನೋಡಿದರು. ಟೆರೇಸಿನ ಮಳೆ ನೀರಿನ ಪೈಪು ಜಾಯಿಂಟ್‌ನಲ್ಲಿ ಬಾಯಿ ಬಿಟ್ಟಿತ್ತು. ಒಂದು ಡಬ್ಬಿ ಕೋಡುಬಳೆ ತೆಗೆದುಕೊಂಡು ಆಕೆಯ ಮನೆಗೆ ಹೋದೆ. ತಗೊಂಡರು, ಆದರೆ ಡಬ್ಬಿ ವಾಪಸ್ ಬರಲಿಲ್ಲ.

ಇನ್ನು ಕಾನೂನು. ‘ರೆಂಟ್ ಆಕ್ಟ್ ಇದೆಯಲ್ಲ’ ಅಂತ ಬಹಳ ಜನ ಬರೆಯುತ್ತೀರಿ. ಕರ್ನಾಟಕ ಬಾಡಿಗೆ ಕಾಯಿದೆ 1999ರದ್ದು. ಬೆಂಗಳೂರಿನಂಥ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ಮನೆಗೆ ಅದು ಅನ್ವಯಿಸುವುದಿಲ್ಲ. ಇವತ್ತು 3,500ಕ್ಕೆ ಬೆಂಗಳೂರಿನಲ್ಲಿ ಬೈಕ್ ನಿಲ್ಲಿಸಲು ಶೆಡ್ ಸಿಕ್ಕೀತು. ಹಾಗಾಗಿ ನಮಗೆಲ್ಲ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು ನಿಮ್ಮ ಅಗ್ರಿಮೆಂಟು. ಹಳೇ ಕಾಯಿದೆ ಅಂತ ತಾತ್ಸಾರ ಬೇಡ. ಅದರ 108ನೇ ಸೆಕ್ಷನ್‌ನಲ್ಲಿ ನಿಮ್ಮ ಕೆಲಸಕ್ಕೆ ಬರುವ ಎರಡು ವಿಷಯ ಇದೆ.

ಮನೆಯಲ್ಲಿ ದೊಡ್ಡ ದೋಷ ಇದೆ, ಅದು ಓನರಿಗೆ ಗೊತ್ತು, ಸಾಮಾನ್ಯವಾಗಿ ನೋಡಿದರೆ ಬಾಡಿಗೆದಾರರಿಗೆ ಕಾಣುವುದಿಲ್ಲ ಅಂದರೆ, ಅದನ್ನು ಓನರ್ ಮೊದಲೇ ತಿಳಿಸಬೇಕು. ಜನವರಿಯ ಆ ಮಿರಮಿರ ಪೇಂಟು ಈಗ ನೆನಪಾಯಿತಾ? ನಿಮಗಿಂತ ಮುಂಚೆ ಇದ್ದವರನ್ನು ಹುಡುಕಿ ಫೋನ್ ಮಾಡಿ. ಸೆಕ್ಯೂರಿಟಿಯವರ ಹತ್ತಿರ ನಂಬರ್ ಇರುತ್ತದೆ. ‘ಅಯ್ಯೋ, ನಮಗೂ ಅದೇ ಗೋಡೆ’ ಅಂತ ಅವರು ಒಂದು ಮೆಸೇಜ್ ಹಾಕಿದರೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಎರಡನೆಯದು, ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಇಲ್ಲಿ ‘ಮಾಡಿಸಲೇಬೇಕಾದ’ ಅನ್ನುವುದು ಮುಖ್ಯ. ಯಾವ ರಿಪೇರಿ ಯಾರದು ಅಂತ ಅಗ್ರಿಮೆಂಟ್‌ನಲ್ಲಿ ಬರೆದಿರಬೇಕು. ನಿಮ್ಮದನ್ನು ತೆಗೆದು ಓದಿ. ಸಾಮಾನ್ಯವಾಗಿ ‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು, ದೊಡ್ಡ ರಿಪೇರಿ ಮಾಲೀಕರದ್ದು’ ಅಂತ ಒಂದು ಸಾಲು ಇರುತ್ತದೆ. ಇದ್ದರೆ ನೀವು ಗಟ್ಟಿ.

ಬಾಡಿಗೆ ಮಾತ್ರ ನಿಲ್ಲಿಸಬೇಡಿ. ನಿಲ್ಲಿಸಿದ ದಿನವೇ ಕಥೆ ತಿರುಗಿಬಿಡುತ್ತದೆ. ಗೋಡೆ ಸೋರುವ ಮನೆ ಕೊಟ್ಟ ಓನರ್ ಹೋಗಿ, ಬಾಡಿಗೆ ಕೊಡದ ನೀವು ಉಳಿಯುತ್ತೀರಿ. ಬ್ಯಾಂಕ್ ಮೂಲಕ ಸರಿಯಾದ ತಾರೀಖಿಗೆ ಹಾಕುತ್ತಾ ಇರಿ.

ಓನರಿಗೆ ಇವತ್ತೇ ಇಮೇಲ್ ಬರೆಯಿರಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಸಾಲದು. ಕೋಪ ಬೇಡ, ತಾರೀಖು ಇರಲಿ. ಹೀಗೆ ಬರೆದರೆ ಸಾಕು: ‘ಏಪ್ರಿಲ್‌ನಲ್ಲಿ ಮೊದಲ ಸಲ ತಿಳಿಸಿದ್ದೆ. ಫೋಟೋಗಳು ಜೊತೆಗಿವೆ. ನಾನು ಬಾಡಿಗೆದಾರಳು, ಅಸೋಸಿಯೇಷನ್‌ನಲ್ಲಿ ನನಗೆ ವೋಟಿಲ್ಲ. ನೀವು ಮೆಂಬರ್. ದಯವಿಟ್ಟು ನೀವೇ ಅಸೋಸಿಯೇಷನ್‌ಗೂ ಮೇಲಿನ ಫ್ಲಾಟ್‌ನ ಓನರಿಗೂ ಬರೆದು, ನನಗೆ ಕಾಪಿ ಹಾಕಿ. 15 ದಿನದೊಳಗೆ ಕೆಲಸ ಶುರುವಾಗದಿದ್ದರೆ ನಾನೇ ಮಾಡಿಸಿ ಬಿಲ್ ಕಳಿಸುತ್ತೇನೆ.’ ಸೆಕ್ರೆಟರಿಯಾಗಿದ್ದಾಗ ನನ್ನ ಅನುಭವ ಇದು: ಬಾಡಿಗೆಯವರು ಹತ್ತು ಸಲ ಬಂದರೂ ‘ನೋಡೋಣ’ ಅನ್ನುವ ಕಮಿಟಿ, ಓನರಿಂದ ಒಂದು ಇಮೇಲ್ ಬಂದರೆ ಮೀಟಿಂಗ್‌ಗೆ ತಗೊಳ್ಳುತ್ತದೆ. ನನ್ನ ಕಮಿಟಿಯೂ ಹಾಗೇ ಇತ್ತು. ಹೇಳಿಕೊಳ್ಳಲು ನಾಚಿಕೆ.

ಅಲ್ಲಿಯವರೆಗೆ ಮಗುವನ್ನು ಆ ರೂಮಿನಲ್ಲಿ ಮಲಗಿಸಬೇಡಿ. ಮಂಚ, ಬೀರು ಗೋಡೆಯಿಂದ ಒಂದು ಅಡಿ ಈಚೆಗೆ ಎಳೆಯಿರಿ. ಮೂಗಿಗೆ ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಬೂಷ್ಟು ಒರೆಸಿ. ಒಣಗಿದ್ದನ್ನು ಪೊರಕೆಯಲ್ಲಿ ಗುಡಿಸಿದರೆ ಮನೆಯೆಲ್ಲ ಹಾರುತ್ತದೆ. ಮಗುವನ್ನು ಡಾಕ್ಟರಿಗೆ ತೋರಿಸಿ, ಗೋಡೆಯ ಫೋಟೋ ಅವರಿಗೂ ತೋರಿಸಿ. ಯಾರಾದರೂ ‘ಒಳಗಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ’ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ನೀರು ಬರುವ ದಾರಿ ಮುಚ್ಚದೆ ಈಚೆ ಕಡೆ ಪೇಂಟ್ ಹೊಡೆದರೆ ಇನ್ನೊಂದು ಮೂರು ತಿಂಗಳಿಗೆ ಹಪ್ಪಳದ ಹಾಗೆ ಏಳುತ್ತದೆ.

ಪ್ರಶ್ನೆ: ನಾಲ್ಕನೇ ಮಹಡಿ. ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿದೆ. ಲಿಫ್ಟ್ ಕೆಟ್ಟು 23 ದಿನ. ‘ಕೊಟೇಶನ್ ಬರಬೇಕು’ ಅಂತಲೇ ಹೇಳುತ್ತಿದ್ದಾರೆ. ಅದಕ್ಕೂ ಮುಂಚೆ ಎರಡು ಸಲ ಕರೆಂಟ್ ಹೋಗಿ ಅತ್ತೆ ಒಳಗೇ ಸಿಕ್ಕಿಕೊಂಡಿದ್ದರು. ಈಗ ಲಿಫ್ಟ್ ಸರಿಯಾದರೂ ಹತ್ತುವುದಿಲ್ಲ ಅಂತ ಹಟ ಹಿಡಿದಿದ್ದಾರೆ.
(ಒಬ್ಬ ಸೊಸೆ, ಜೆ.ಪಿ. ನಗರ)

ಉತ್ತರ: ‘ಕೊಟೇಶನ್ ಬರಬೇಕು’ ಅಂದರೆ ನಿಮ್ಮ ಅಪಾರ್ಟ್‌ಮೆಂಟ್‌ನ ಲಿಫ್ಟ್ ಕಾಂಟ್ರ್ಯಾಕ್ಟ್ ಬಹುಶಃ ಅಗ್ಗದ್ದು. ವರ್ಷದ ನಿರ್ವಹಣೆ ಕಾಂಟ್ರ್ಯಾಕ್ಟ್‌ಗಳಲ್ಲಿ ಎರಡು ತರಹ. ಒಂದರಲ್ಲಿ ಬಿಡಿಭಾಗ ಎಲ್ಲ ಸೇರಿರುತ್ತದೆ. ಇನ್ನೊಂದರಲ್ಲಿ ಎಣ್ಣೆ ಹಾಕುವುದು, ನೋಡಿ ಹೋಗುವುದು ಮಾತ್ರ. ಏನಾದರೂ ಸುಟ್ಟರೆ ಬೇರೆ ಕೊಟೇಶನ್, ಬೇರೆ ಮೀಟಿಂಗ್, ಬೇರೆ ಚೆಕ್. ಉಳಿತಾಯ ಅಂತ ಕಮಿಟಿಯವರು ಎರಡನೆಯದಕ್ಕೆ ಹೋಗುತ್ತಾರೆ. ಆ ಉಳಿತಾಯವನ್ನು ನಿಮ್ಮ ಅತ್ತೆಯವರ ಮೊಣಕಾಲು ತೀರಿಸುತ್ತಿದೆ.

ಲಿಫ್ಟ್ ನಡೆಸಲು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು. ನಮ್ಮಲ್ಲಿ ಲಿಫ್ಟಿಗೇ ಅಂತ 2012ರ ಕಾಯಿದೆ ಇದೆ. ಸೆಕ್ರೆಟರಿಗೆ ಪತ್ರ ಬರೆದು ‘ಲೈಸೆನ್ಸ್ ಕಾಪಿ, ಹಿಂದಿನ ತಪಾಸಣೆಯ ತಾರೀಖು ಕೊಡಿ’ ಅಂತ ಕೇಳಿ. ನಿಮ್ಮ ಓನರ್ ಕೈಲೂ ಕೇಳಿಸಿ. ಈ ಎರಡು ಕಾಗದ ಕೇಳಿದರೆ ಕೊಟೇಶನ್ ಬೇಗ ಬರುವುದನ್ನು ನೋಡಿದ್ದೇನೆ.

ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಒಂದು ಸಾಧನ ಇರುತ್ತದೆ, ಎಆರ್‌ಡಿ ಅಂತ. ಅದು ಬ್ಯಾಟರಿಯ ಮೇಲೆ ನಡೆಯುತ್ತದೆ. ಬ್ಯಾಟರಿ ಸತ್ತಿದ್ದರೆ ಯಾರೂ ಗಮನಿಸುವುದಿಲ್ಲ, ಕರೆಂಟ್ ಹೋದಾಗಲೇ ಗೊತ್ತಾಗುವುದು. ನಿಮ್ಮಲ್ಲಿ ಆಗಿರುವುದು ಇದೇ ಇರಬೇಕು. ರಿಪೇರಿಗೆ ಜನ ಬಂದ ದಿನ ಪಕ್ಕದಲ್ಲಿ ನಿಂತು ‘ಮೇನ್ ಆಫ್ ಮಾಡಿ ತೋರಿಸಿ’ ಅಂತ ಕೇಳಿ.

ಅತ್ತೆಯವರಿಗೆ ಹೇಳಿ: ಕರೆಂಟ್ ಹೋದರೆ ಲಿಫ್ಟಿನ ಬ್ರೇಕ್ ತಾನಾಗಿ ಬಿಗಿಯುತ್ತದೆ, ಕೆಳಗೆ ಬೀಳುವುದಿಲ್ಲ. ಒಳಗೆ ಗಾಳಿ ಆಡುತ್ತದೆ, ಉಸಿರು ಕಟ್ಟುವುದಿಲ್ಲ. ಅಲಾರಂ ಒತ್ತಿ ಸುಮ್ನೆ ನಿಂತಿರಬೇಕು. ಬಾಗಿಲು ಸಂದಿಗೆ ಕೈ ಹಾಕಿ ಜಗ್ಗಬಾರದು. ಅಪಾಯ ಆಗುವುದು ಅಲ್ಲೇ. ಮೊದಲ ಎರಡು ದಿನ ನೀವೂ ಜೊತೆಗೆ ಹೋಗಿ. ಹಟ ಕರಗುತ್ತದೆ.

ಪ್ರಶ್ನೆ: ವೈಟ್‌ಫೀಲ್ಡ್ ಕಡೆ 60 ಫ್ಲಾಟ್‌ಗಳ ಅಪಾರ್ಟ್‌ಮೆಂಟ್. ಮೈಂಟೆನೆನ್ಸ್ ಜೊತೆಗೆ ‘ಟ್ಯಾಂಕರ್ ಚಾರ್ಜ್’ ಅಂತ ಪ್ರತಿ ಮನೆಗೆ ತಿಂಗಳಿಗೆ 2,400 ಹಾಕಿದ್ದಾರೆ. ಬೋರ್‌ವೆಲ್ ಬತ್ತಿದೆ, ಕಾವೇರಿ ಬಂದಿಲ್ಲ. ಇದು ನ್ಯಾಯವಾದ ಲೆಕ್ಕವಾ? ನಾನು ಬಾಡಿಗೆಯವನು, ಕೇಳಿದರೆ ‘ನಿಮ್ಮ ಓನರನ್ನು ಕರೆಸಿ’ ಅನ್ನುತ್ತಾರೆ.
(ಐಟಿ ಉದ್ಯೋಗಿ, ವೈಟ್‌ಫೀಲ್ಡ್)

ಉತ್ತರ: ಬನ್ನಿ, ಲೆಕ್ಕ ಮಾಡೋಣ. ಬ್ಯಾಂಕಿನವಳಿಗೆ ಇಂಥ ಪ್ರಶ್ನೆ ಬಂದರೆ ಖುಷಿ.

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿಯುತ್ತಾರೆ. ಮನೆಗೆ ಮೂವರು ಅಂದುಕೊಳ್ಳಿ. 60 ಮನೆ, 180 ಜನ, ದಿನಕ್ಕೆ 24,300 ಲೀಟರ್. ಅಂದರೆ 12,000 ಲೀಟರಿನ ಟ್ಯಾಂಕರ್ ಎರಡು. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ನಿಗದಿ ಮಾಡಿತ್ತು. 12,000 ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ 1,000, ಹತ್ತರ ಒಳಗಾದರೆ 1,200. ದುಬಾರಿ ದರವನ್ನೇ ಹಿಡಿಯಿರಿ. ದಿನಕ್ಕೆ 2,400, ತಿಂಗಳಿಗೆ 72,000, ಮನೆಗೆ 1,200. ನಿಮ್ಮಲ್ಲಿ ವಸೂಲಾಗುತ್ತಿರುವುದು ತಿಂಗಳಿಗೆ 1,44,000. ಸರಿಯಾಗಿ ಎರಡರಷ್ಟು. ಇವತ್ತಿನ ಟ್ಯಾಂಕರ್ ರೇಟು ಹಾಕಿ ನೀವೇ ಮತ್ತೊಮ್ಮೆ ಮಾಡಿ ನೋಡಿ, ದಾರಿ ಇದೇ.

ಯಾರೋ ತಿಂದರು ಅಂತ ತಕ್ಷಣ ಹೇಳಬೇಡಿ. ಹಣಕ್ಕಿಂತ ಮೊದಲು ನೀರು ಎಲ್ಲಿ ಹೋಗುತ್ತಿದೆ ಅಂತ ನೋಡಿ. ಇಲ್ಲಿ ಬಹಳ ಜನಕ್ಕೆ ಹೊಳೆಯದ ವಿಷಯ ಒಂದಿದೆ. ಆ 135 ಲೀಟರಿನಲ್ಲಿ 45 ಲೀಟರ್ ಟಾಯ್ಲೆಟ್ ಫ್ಲಶ್‌ಗೆ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಫ್ಲಶ್‌ಗೆ ಬೇರೆ ಪೈಪು ಇದ್ದು, ಎಸ್‌ಟಿಪಿಯಲ್ಲಿ, ಅಂದರೆ ಕೊಳೆ ನೀರಿನ ಘಟಕದಲ್ಲಿ, ಶುದ್ಧ ಮಾಡಿದ ನೀರು ಅದಕ್ಕೆ ಹೋಗಬೇಕು. ಎಸ್‌ಟಿಪಿ ಕೆಟ್ಟರೆ, ಅಥವಾ ವಾಸನೆ ಅಂತ ನಿಲ್ಲಿಸಿದರೆ, ಕಮಿಟಿಯವರು ಗುಟ್ಟಾಗಿ ಟ್ಯಾಂಕರ್ ನೀರನ್ನೇ ಫ್ಲಶ್ ಟ್ಯಾಂಕಿಗೂ ಬಿಡುತ್ತಾರೆ. ದುಡ್ಡು ಕೊಟ್ಟು ತಂದ ನೀರಿನಲ್ಲಿ ಮೂರನೇ ಒಂದು ಭಾಗ ಕಮೋಡಿಗೆ! ನಿಮ್ಮ ಮನೆಯ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಮರುಬಳಕೆಯ ನೀರಿಗೆ ಸಾಮಾನ್ಯವಾಗಿ ಸ್ವಲ್ಪ ಬಣ್ಣ, ಸ್ವಲ್ಪ ವಾಸನೆ ಇರುತ್ತದೆ. ಸ್ಫಟಿಕದ ಹಾಗೆ ಇದ್ದರೆ ಅನುಮಾನ ಪಡಿ.

ಬೆಳಗಿನ ಜಾವ ಎದ್ದು ಟೆರೇಸಿಗೂ ಹೋಗಿ ಬನ್ನಿ. ಟ್ಯಾಂಕ್ ತುಂಬಿ ಚೆಲ್ಲುತ್ತಿದೆಯಾ, ಮೋಟರ್ ಆಫ್ ಮಾಡುವವರು ನಿದ್ದೆ ಮಾಡುತ್ತಿದ್ದಾರಾ ಗೊತ್ತಾಗುತ್ತದೆ. ಗೇಟಿನಲ್ಲಿ ಟ್ಯಾಂಕರ್ ರಿಜಿಸ್ಟರ್ ಇರಬೇಕು: ತಾರೀಖು, ಗಾಡಿ ನಂಬರ್, ಎಷ್ಟು ಲೀಟರ್. ಇಲ್ಲದಿದ್ದರೆ ಅದೇ ನಿಮ್ಮ ಮೊದಲ ದೂರು.

‘ಓನರನ್ನು ಕರೆಸಿ’ ಅಂದದ್ದು ಮಾತ್ರ ಒರಟಾಗಿದ್ದರೂ ಸರಿ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ 1972ರದ್ದು. ಸಾಮಾನ್ಯ ಖರ್ಚಿನ ಹೊಣೆ ಫ್ಲಾಟ್ ಓನರದ್ದು, ಲೆಕ್ಕದ ಪುಸ್ತಕ ನೋಡುವ ಹಕ್ಕೂ ಅವರದ್ದೇ. ನೀವು ಕಟ್ಟುತ್ತಿರುವುದು ನಿಮ್ಮಿಬ್ಬರ ಅಗ್ರಿಮೆಂಟಿನ ಪ್ರಕಾರ. ಅದರಲ್ಲಿ ‘ಮೈಂಟೆನೆನ್ಸ್ 3,000’ ಅಂತ ಅಂಕಿ ಬರೆದಿದ್ದರೆ, ಮೇಲೆ ಬಂದ 2,400 ಯಾರದು ಅಂತ ಓನರ್ ಹತ್ತಿರ ಮಾತಾಡಲು ನಿಮಗೆ ಜಾಗ ಇದೆ. ‘ಆಗಾಗ ನಿಗದಿಯಾಗುವ ಮೈಂಟೆನೆನ್ಸ್’ ಅಂತ ಬರೆದಿದ್ದರೆ ಜಾಗ ಕಡಿಮೆ. ನಿಮ್ಮ ಲೆಕ್ಕದ ಹಾಳೆಯನ್ನು ಓನರಿಗೆ ಕಳಿಸಿ, ಅವರ ಹೆಸರಿನಲ್ಲಿ ರಿಜಿಸ್ಟರ್ ಕಾಪಿ ಕೇಳಿಸಿ. ಜೊತೆಗೆ ಇನ್ನೊಂದು ಕೇಳಿಸಿ. 2024ರ ಅಕ್ಟೋಬರ್‌ನಲ್ಲಿ ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಶುರುವಾಯಿತು. ನಿಮ್ಮ ಜಾಗ ಅದರಲ್ಲಿ ಬರುತ್ತದಾ? ಬಂದರೆ ಅಸೋಸಿಯೇಷನ್ ಜಲಮಂಡಳಿಗೆ ಅರ್ಜಿ ಹಾಕಿದೆಯಾ? ಠೇವಣಿ ಕಟ್ಟಬೇಕಲ್ಲ ಅಂತ ಅರ್ಜಿಯನ್ನೇ ಹಾಕದೆ ಟ್ಯಾಂಕರ್‌ಗೆ ಸುರಿಯುವ ಕಮಿಟಿಗಳೂ ಇವೆ.

ಪ್ರಶ್ನೆ: ಎರಡು ವರ್ಷ ಇದ್ದು ಮನೆ ಖಾಲಿ ಮಾಡಿದೆವು. ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ, ಮೇಲೆ ‘ಗೋಡೆ ಹಾಳು ಮಾಡಿದ್ದಕ್ಕೆ’ 35,000 ಹಿಡಿದರು. ಆ ಗೋಡೆ ನಾವು ಬಂದಾಗಿನಿಂದ ಥಂಡಿ.
(ಗೃಹಿಣಿ, ಮೈಸೂರು)

ಉತ್ತರ: ಪೇಂಟಿಂಗ್‌ನ ಒಂದು ತಿಂಗಳು ಅಗ್ರಿಮೆಂಟ್‌ನಲ್ಲಿ ಇದ್ದರೆ ಮರೆತುಬಿಡಿ. ಇಲ್ಲದಿದ್ದರೆ ‘ಎಲ್ಲರೂ ಹಿಡಿಯುತ್ತಾರೆ’ ಅನ್ನುವುದು ಕಾರಣ ಅಲ್ಲ. 35,000 ಮಾತ್ರ ಬಿಡಬೇಡಿ. ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು ನಿಜ. ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತ ಬಿಟ್ಟು ಅಂತ ಅದೇ 108ನೇ ಸೆಕ್ಷನ್ ಹೇಳುತ್ತದೆ. ಥಂಡಿ ಗೋಡೆ ನಿಮ್ಮ ಬಳಕೆಯಿಂದ ಆದದ್ದೂ ಅಲ್ಲ. ಥಂಡಿ ಬಗ್ಗೆ ಎರಡು ವರ್ಷದಲ್ಲಿ ಕಳಿಸಿದ ಮೆಸೇಜುಗಳನ್ನೆಲ್ಲ ತಾರೀಖಿನ ಸಮೇತ ಪ್ರಿಂಟ್ ತೆಗೆಸಿ. ಖರ್ಚಿನ ಬಿಲ್ ಕೇಳಿ ಒಂದು ಪತ್ರ ಬರೆಯಿರಿ. ಉತ್ತರ ಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ನ್ಯಾಯಾಲಯದ ಆವರಣದಲ್ಲಿ ಕೇಳಿದರೆ ತೋರಿಸುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ಕಾನೂನು ನೆರವು ಇದೆ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಬಹಳ ಓನರ್‌ಗಳು ಆ ನೋಟಿಸ್ ಕವರ್ ನೋಡಿಯೇ ಮೆತ್ತಗಾಗುತ್ತಾರೆ. ಹಣ ವಾಪಸಿಗೆ ಕೇಸ್ ಹಾಕಲು ಮೂರು ವರ್ಷದ ಗಡುವು ಇದೆ, ಆದರೆ ಅಷ್ಟು ದಿನ ಕಾಯಬೇಡಿ.

ಪ್ರಶ್ನೆ: ಓನರ್ ಹತ್ತಿರ ಒಂದು ಕೀಲಿ ಇದೆ. ನಾವು ಇಲ್ಲದಾಗ ‘ಸಿಂಕ್ ನೋಡಲು ಬಂದೆ’ ಅಂತ ಒಳಗೆ ಬಂದು ಹೋಗುತ್ತಾರೆ.
(ಇಬ್ಬರು ಶಿಕ್ಷಕಿಯರು, ಹುಬ್ಬಳ್ಳಿ)

ಉತ್ತರ: ಬಾಡಿಗೆ ಕೊಡುತ್ತಿರುವವರೆಗೆ ಮನೆ ನಿಮ್ಮ ಸ್ವಾಧೀನದಲ್ಲಿರುತ್ತದೆ, ಓನರ್ ಅಡ್ಡಿ ಮಾಡುವ ಹಾಗಿಲ್ಲ. ರಿಪೇರಿ ನೋಡಲು ಬರಬಹುದು, ಹೇಳಿ ಬರಬೇಕು. ‘ಸರ್, ಇನ್ನು ಮುಂದೆ ಒಂದು ದಿನ ಮೊದಲು ಮೆಸೇಜ್ ಹಾಕಿ, ನಾವು ಇದ್ದಾಗಲೇ ಬನ್ನಿ’ ಅಂತ ಬರೆದು ಕಳಿಸಿ. ಮತ್ತೆ ಬಂದರೆ ಒಳ್ಳೆಯ ಬೀಗ ಒಂದು ತಂದು ಹಾಕಿ, ಹಳೆಯದನ್ನು ಜೋಪಾನವಾಗಿ ಇಟ್ಟು ಖಾಲಿ ಮಾಡುವಾಗ ವಾಪಸ್ ಹಾಕಿಕೊಡಿ. ಪಕ್ಕದ ಮನೆಯವರಿಗೂ ವಿಷಯ ಗೊತ್ತಿರಲಿ.

ಪ್ರಶ್ನೆ: ನೀವು ಯಾವಾಗಲೂ ಬಾಡಿಗೆಯವರ ಪರ. ನನ್ನ ಫ್ಲಾಟ್‌ನಲ್ಲಿ ಇದ್ದವರು ಸಿಂಕ್‌ಗೆ ಅನ್ನ, ಸಾರು, ಟೀ ಪುಡಿ ಎಲ್ಲ ಸುರಿದು ಪೈಪ್ ಕಟ್ಟಿಸಿ, ಮೂರು ಮಹಡಿಗೆ ಕೊಳೆ ನೀರು ನುಗ್ಗಿತು. ಅವರನ್ನು ಏನು ಮಾಡಬೇಕು?
(ನಿವೃತ್ತ ಅಧಿಕಾರಿ, ಮಲ್ಲೇಶ್ವರಂ)

ಉತ್ತರ: ಬೈಯಬೇಕು ಸರ್. ಪ್ಲಂಬರ್ ಬಿಲ್ಲನ್ನೂ ಅವರಿಗೇ ಕೊಡಬೇಕು. ಅವರ ತಪ್ಪಿನಿಂದ ಆದದ್ದು ಅವರದ್ದೇ. ನನ್ನ ತಕರಾರು ಒಂದೇ. ನೀವು ಕಳಿಸಿದ ಬಿಲ್‌ನಲ್ಲಿ ‘ಡಕ್ಟ್ ಲೈನ್ ಬೆಂಡ್ ಬದಲಾವಣೆ’ ಅಂತ ಇದೆ. ಅದು ಸಾಮಾನ್ಯ ಪೈಪು. ಆ 8,200ನ್ನು ಅಸೋಸಿಯೇಷನ್‌ಗೆ ಕಳಿಸಿ, ಸಿಂಕಿನ 900 ಬಾಡಿಗೆಯವರಿಗೆ ಕಳಿಸಿ. ಎಲ್ಲವನ್ನೂ ಅವರ ಅಡ್ವಾನ್ಸ್‌ನಲ್ಲಿ ಮುರಿದುಕೊಂಡರೆ ಮುಂದಿನ ಪತ್ರ ಅವರಿಂದ ಬರುತ್ತದೆ, ಆಗ ನಾನು ಮತ್ತೆ ಅವರ ಪರ.

ಪ್ರಶ್ನೆ: ಮುಂದಿನ ತಿಂಗಳು ಮದುವೆ, ಬೆಂಗಳೂರಿನಲ್ಲಿ ಮೊದಲ ಮನೆ ಹುಡುಕುತ್ತಿದ್ದೇವೆ. ಅಪಾರ್ಟ್‌ಮೆಂಟ್ ಒಳ್ಳೆಯದಾ ಕೆಟ್ಟದ್ದಾ ಅಂತ ಒಂದು ಸಲ ನೋಡಿ ತಿಳಿಯುವುದು ಹೇಗೆ?
(ಮದುಮಗ, ಸದ್ಯ ಶಿವಮೊಗ್ಗ)

ಉತ್ತರ: ಶುಭವಾಗಲಿ. ಬ್ರೋಕರ್ ಕರೆದುಕೊಂಡು ಹೋಗುವ ಸಂಜೆ ಆರು ಗಂಟೆಗೆ ಎಲ್ಲ ಮನೆಯೂ ಚೆನ್ನಾಗೇ ಕಾಣುತ್ತದೆ. ಬೆಳಿಗ್ಗೆ ಎಂಟಕ್ಕೆ ಒಬ್ಬರೇ ಹೋಗಿ. ಎಲ್ಲರೂ ಸ್ನಾನ ಮಾಡುವ ಹೊತ್ತಿನಲ್ಲಿ ಮೇಲಿನ ಮಹಡಿಯ ನಲ್ಲಿಯಲ್ಲಿ ನೀರು ಹೇಗೆ ಬರುತ್ತದೆ ನೋಡಿ. ಬಾತ್‌ರೂಮಿಗೆ ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆ ಎತ್ತಿ ಒಳಗೆ ಟಾರ್ಚ್ ಬಿಡಿ. ಒಂದೇ ಗೋಡೆಗೆ ಮಾತ್ರ ಹೊಸ ಪೇಂಟ್ ಇದ್ದರೆ ಯಾಕೆ ಅಂತ ಕೇಳಿ. ಬೇಸ್‌ಮೆಂಟಿಗೆ ಇಳಿದು ಮೂಗು ಉಪಯೋಗಿಸಿ. ಷವರ್‌ನ ತೂತುಗಳಲ್ಲಿ ಬಿಳಿ ಪುಡಿ ಕಟ್ಟಿದ್ದರೆ ನೀರು ಗಡಸು. ಗೀಸರ್ ಕಾಯಿಲ್ ಯಾರು ಬದಲಾಯಿಸುವುದು ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ.

ಎಲ್ಲ ನೋಡಿದ ಮೇಲೆ ಗೇಟಿನ ಹೊರಗೆ ಇಸ್ತ್ರಿ ಮಾಡುವವರ ಗಾಡಿ ಇರುತ್ತದಲ್ಲ, ಅಲ್ಲಿಗೆ ಹೋಗಿ. ಯಾವ ಮನೆಗೆ ಯಾರು ಬಂದರು, ಯಾರು ಹೋದರು ಅವರಿಗೆ ಬಾಯಿಪಾಠ. ಒಮ್ಮೆ ನಾಗರಬಾವಿಯಲ್ಲಿ ಒಂದು ಫ್ಲಾಟ್ ನಮಗೆ ಬಹಳ ಹಿಡಿಸಿತ್ತು. ಚೆಕ್ ಕೂಡ ಬರೆದಾಗಿತ್ತು. ಇಸ್ತ್ರಿಯವರನ್ನು ಕೇಳಿದೆ. ಪೆಟ್ಟಿಗೆ ಕೆಳಗಿಟ್ಟು, ಮೇಲೆ ಬಾಲ್ಕನಿ ಕಡೆ ನೋಡಿದರು. ‘ಮುನ್ನೂರ ಮೂರಾ? ಒಳ್ಳೇ ಮನೆ ಅಕ್ಕ. ವರ್ಷಕ್ಕೆ ಎರಡು ಸಲ ಲಾರಿ ಬರುತ್ತೆ’ ಅಂದರು. ಚೆಕ್ ಪರ್ಸಿನಲ್ಲೇ ಉಳಿಯಿತು.